ಒಂದೇ ಕಾದಂಬರಿ, ಹಲವು ಹಣೆಪಟ್ಟಿ

ನನ್ನ ಮೊದಲ ಕಾದಂಬರಿ 'ಹೂಳಿನ ಲೆಕ್ಕ' ಕಳೆದ ತಿಂಗಳು ಅಚ್ಚಾಗಿ ಬಂದಿದೆ. ಅದನ್ನು ಬರೆಯಲು ಹಿಡಿದ ಕಾಲಕ್ಕಿಂತ ಅಚ್ಚು ಹಾಕಿಸಲು ಹಿಡಿದ ಕಾಲವೇ ಹೆಚ್ಚು, ಮತ್ತು ಆ ಕಾಲದ ಬಹುಪಾಲು 'ಇದು ಯಾವ ಬಗೆಯ ಪುಸ್ತಕ' ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಕಳೆಯಿತು. ಕನ್ನಡದಲ್ಲಿ ವಿಜ್ಞಾನ, ಭವಿಷ್ಯ, ಭೂತಪ್ರೇತ ಇತ್ಯಾದಿಗಳನ್ನು ಬೆರೆಸಿ ಕಾದಂಬರಿ ಬರೆದು ಪ್ರಕಾಶಕರ ಬಾಗಿಲು ತಟ್ಟಲು ಹೊರಟಿರುವ ಗೆಳೆಯರು ಕೆಲವರಿದ್ದಾರೆ. ಅವರಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಕಥೆಯ ಎಳೆ ಗೊತ್ತಿಲ್ಲದೆ ಮುಂದಿನ ಫಜೀತಿ ಅರ್ಥವಾಗುವುದಿಲ್ಲ. ಇನ್ನು ಅರವತ್ತು ವರ್ಷಗಳ ಆಚೆ ತುಂಗಭದ್ರಾ ಜಲಾಶಯ ಹೂಳು ತುಂಬಿ ಬಯಲಾಗಿದೆ. 1953ರ ಆಸುಪಾಸಿನಲ್ಲಿ ಅಣೆಕಟ್ಟಿನ ನೀರು ನಿಂತಾಗ ಮುಳುಗಿದ ಊರೊಂದರ ಜನ, ಅಂದಿನ ವಯಸ್ಸಿನಲ್ಲೇ ಆ ಹೂಳಿನಿಂದ ಎದ್ದು ಬಂದು ತಮ್ಮ ಹೊಲಗಳ ಪಹಣಿ ಕೇಳುತ್ತಾರೆ. ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕೆಂಬುದನ್ನು ಆ ಹೊತ್ತಿಗೆ ಒಂದು ಯಂತ್ರ ನಿರ್ಧರಿಸುತ್ತಿರುತ್ತದೆ. ಸತ್ತವರ ಹೆಸರನ್ನು ಅದರ ಫಲಾನುಭವಿಗಳ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬ ಜಗಳವೇ ಕಾದಂಬರಿ. ನಾನು ಹೊಸಪೇಟೆಯ ಖಾಸಗಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105 ಟಿಎಂಸಿ ಆಸುಪಾಸಿಗೆ ಇಳಿದಿದೆ ಎಂಬುದು ನಮ್ಮ ಕಡೆ ಚಹಾದಂಗಡಿಯಲ್ಲಿ ಕುಳಿತವರೂ ಹೇಳುವ ಲೆಕ್ಕ. ಉಳಿದದ್ದು ನನ್ನ ಕಲ್ಪನೆ.

ಕನ್ನಡದಲ್ಲಿ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವ ಏಜೆಂಟರ ಪದ್ಧತಿ ಬೆಳೆದಿಲ್ಲ. ಫೋನು ಮಾಡಿ, ಪರಿಚಯ ಹೇಳಿಕೊಂಡು, ಹಸ್ತಪ್ರತಿಯನ್ನು ನಾವೇ ಕಳಿಸಬೇಕು. ಕೆಲವರು ಪಿಡಿಎಫ್ ಸಾಕೆನ್ನುತ್ತಾರೆ, ಹಿರಿಯ ಪ್ರಕಾಶಕರಲ್ಲಿ ಹಲವರು ಇಂದಿಗೂ ಕಾಗದದ ಮೇಲೆಯೇ ಓದುತ್ತಾರೆ. ಇನ್ನೂರು ಚಿಲ್ಲರೆ ಪುಟಗಳ ಪ್ರಿಂಟು ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಕೊರಿಯರ್‌ಗೆ ಹಾಕುವಷ್ಟರಲ್ಲಿ ಪ್ರತಿಯೊಂದಕ್ಕೆ ಆರೇಳುನೂರು ರೂಪಾಯಿ ಆಗುತ್ತದೆ. ಒಪ್ಪಿಗೆಯಾಗದ ಪ್ರತಿ ಮರಳಿ ಬರುತ್ತದೆಂಬ ಭರವಸೆ ಬೇಡ. ಜೊತೆಗಿಡುವ ಪತ್ರದಲ್ಲಿ ಒಂದು ಸಾಲಿನಲ್ಲಿ ಪುಸ್ತಕದ ಪರಿಚಯ ಹೇಳಬೇಕಾಗುತ್ತದೆ, ಹಣೆಪಟ್ಟಿ ಅಂಟುವುದು ಅಲ್ಲಿಯೇ. ಮೊದಲ ಪ್ರಕಾಶಕರಿಗೆ ನಾನು 'ಇದೊಂದು ವೈಜ್ಞಾನಿಕ ಕಾದಂಬರಿ' ಎಂದು ಬರೆದಿದ್ದೆ.

ಮಳೆಗಾಲ ಕಳೆದು ಚಳಿಗಾಲ ಬಂದ ಮೇಲೆ ಅವರ ಫೋನು ಬಂತು. "ಮೇಷ್ಟ್ರೇ, ಇದು ಎಷ್ಟನೇ ಕ್ಲಾಸಿನ ಮಕ್ಕಳಿಗೆ?" ಎಂದು ಕೇಳಿದರು. ಕುಚೋದ್ಯವೇನಲ್ಲ, ನಿಜವಾಗಿಯೇ ಕೇಳಿದ ಪ್ರಶ್ನೆ. ಎಂಬತ್ತು ಪುಟಕ್ಕೆ ಇಳಿಸಿ, ಚಿತ್ರ ಹಾಕಿಸಿ, ಹೆಂಗಸರ ಜಗಳದ ಭಾಗ ತೆಗೆದರೆ ಶಾಲಾ ಗ್ರಂಥಾಲಯಗಳಿಗೆ ಹೋಗುತ್ತದೆ ಎಂಬುದು ಅವರ ಸಲಹೆ. ಕೇಳಿ ನನಗೆ ರೇಗಿತು. ಆಮೇಲೆ ಯೋಚಿಸಿದರೆ ಅವರ ಮಾತಿಗೂ ಕಾರಣವಿತ್ತು. ಕನ್ನಡದಲ್ಲಿ ವಿಜ್ಞಾನದ ಕಥೆ ಹೆಚ್ಚಾಗಿ ಬದುಕಿದ್ದು ಮಕ್ಕಳ ಪತ್ರಿಕೆಗಳಲ್ಲಿ, ವಾರಪತ್ರಿಕೆಗಳ ಪುಟಗಳಲ್ಲಿ ಮತ್ತು ವಿಜ್ಞಾನ ಪ್ರಸಾರದ ಕೆಲಸದ ಜೊತೆಯಲ್ಲಿ. ರಾಜಶೇಖರ ಭೂಸನೂರಮಠರಂಥವರು ದೊಡ್ಡವರಿಗಾಗಿಯೇ ಗಂಭೀರವಾಗಿ ಬರೆದಿದ್ದರೂ ಅವರ ಹಿಂದೆ ಬಂದವರಿಗೆ ಪುಸ್ತಕದಂಗಡಿಯಲ್ಲಿ ಪ್ರತ್ಯೇಕ ಕಪಾಟು ಸಿಗಲಿಲ್ಲ. ಕಪಾಟಿಲ್ಲದ ಸರಕನ್ನು ಪ್ರಕಾಶಕರು ಇರುವ ಕಪಾಟಿಗೆ ತಕ್ಕಂತೆ ಕತ್ತರಿಸಲು ನೋಡುತ್ತಾರೆ.

ಹಾಗಾದರೆ ವಿಜ್ಞಾನದ ಪುಸ್ತಕಗಳನ್ನೇ ಪ್ರಕಟಿಸುವವರ ಬಳಿ ಹೋಗೋಣವೆಂದುಕೊಂಡೆ. ಅವರು ಕಾಳಜಿಯುಳ್ಳವರು, ಹಸ್ತಪ್ರತಿಯನ್ನು ವಿಷಯ ತಜ್ಞರೊಬ್ಬರಿಗೆ ಓದಲು ಕೊಟ್ಟರು. ಅದು ಮರಳಿ ಬಂದಾಗ ಅಂಚಿನುದ್ದಕ್ಕೂ ಪೆನ್ಸಿಲಿನ ಸಣ್ಣ ಅಕ್ಷರಗಳಿದ್ದವು. ಹೂಳು ತುಂಬುವ ವೇಗದ ಬಗ್ಗೆ ಅವರು ಎತ್ತಿದ ತಕರಾರು ಸರಿಯಾಗಿತ್ತು, ಅಲ್ಲಿ ತಿದ್ದಿಕೊಂಡೆ. ಆದರೆ ಮುಳುಗಡೆಯ ಅಜ್ಜಿಯೊಬ್ಬಳು ಮೈಗಂಟಿದ ಕೆಸರನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲುವ ವಾಕ್ಯದ ಪಕ್ಕದಲ್ಲೂ 'ಆಧಾರ?' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಕೊನೆಯ ಪುಟದಲ್ಲಿ 'ಮೂಢನಂಬಿಕೆಗೆ ಇಂಬು ಕೊಡುವ ಸಾಧ್ಯತೆ ಇದೆ' ಎಂಬ ಷರಾ ಇತ್ತು. ವಿಜ್ಞಾನ ಎಂಬ ಪಟ್ಟಿ ಅಂಟಿಸಿದ ತಕ್ಷಣ ಓದುವವರ ಕೈಗೆ ಬೇರೆಯದೇ ತಕ್ಕಡಿ ಬರುತ್ತದೆ. ನಿಮ್ಮ ಕೃತಿಯಲ್ಲಿ ಒಂದೇ ಒಂದು ದೆವ್ವವಿದ್ದರೂ ಈ ದಾರಿ ಬೇಡವೆಂದು ಹೇಳುತ್ತೇನೆ. ವಿಜ್ಞಾನ ಬಿಗಿಯಾಗಿದ್ದರೆ ಮಾತ್ರ ಅದು ಒಳ್ಳೆಯ ದಾರಿಯೇ, ಏಕೆಂದರೆ ಅಷ್ಟು ಎಚ್ಚರದಿಂದ ಓದುವವರು ಬೇರೆ ಕಡೆ ಸಿಗುವುದು ಕಷ್ಟ.

ಪಕ್ಕದ ಮರಾಠಿಯ ಉದಾಹರಣೆ ಆ ದಿನಗಳಲ್ಲಿ ಪದೇ ಪದೇ ನೆನಪಾಗುತ್ತಿತ್ತು. ಖಭೌತಶಾಸ್ತ್ರಜ್ಞ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಹೆಸರು ಮರೆಮಾಡಿ ಬೇರೆ ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಪಡೆದರು. ಅಲ್ಲಿ ವಿಜ್ಞಾನ ಕಥೆ ಎಂಬ ಪಟ್ಟಿಯ ಹಿಂದೆ ಒಂದು ಸಂಸ್ಥೆ, ಒಂದು ಸ್ಪರ್ಧೆ, ಓದಿ ತೀರ್ಪು ಕೊಡುವವರು ಇದ್ದರು. ಆದ್ದರಿಂದ ಹೆಸರಿಲ್ಲದವನಿಗೂ ಆ ಪಟ್ಟಿ ದಾರಿ ತೆರೆಯಬಲ್ಲದಾಗಿತ್ತು. ಪಟ್ಟಿ ಕೆಟ್ಟದ್ದೇ ಎಂದು ಹಳಿಯುವ ಮೊದಲು ಅದರ ಹಿಂದೆ ಯಾರಿದ್ದಾರೆಂದು ನೋಡಬೇಕು.

ಮೂರನೆಯವರು ಸಾಹಿತ್ಯ ವಲಯದಲ್ಲಿ ಗೌರವವಿರುವ ಪ್ರಕಾಶಕರು. ಅಷ್ಟರಲ್ಲಿ ಬುದ್ಧಿ ಕಲಿತಿದ್ದ ನಾನು ಪತ್ರದಲ್ಲಿ ಬರೀ 'ಕಾದಂಬರಿ' ಎಂದಷ್ಟೇ ಬರೆದೆ. ಅಲ್ಲಿಂದ ಬಂದ ಉತ್ತರ ಎಲ್ಲಕ್ಕಿಂತ ದೀರ್ಘವಾಗಿತ್ತು, ಹಾಗೆಯೇ ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ದೂಡಿತು. ಭಾಷೆ ಇಷ್ಟವಾಗಿದೆ, ಸತ್ತವರು ಬರುವುದಂತೂ ಅದ್ಭುತ, ಅದನ್ನು ಮಾಂತ್ರಿಕ ವಾಸ್ತವವಾದ ಎನ್ನಬಹುದು, ಆದರೆ ಆ ನೀರು ಹಂಚುವ ಯಂತ್ರವನ್ನು ಕೈಬಿಡಿ ಎಂದು ಸಂಪಾದಕರು ಬರೆದಿದ್ದರು. ಯಂತ್ರವಿದ್ದರೆ ಕೃತಿ 'ಜನಪ್ರಿಯ' ಎನಿಸಿಕೊಳ್ಳುತ್ತದೆ, ವಿಮರ್ಶಕರು ಎತ್ತಿಕೊಳ್ಳುವುದಿಲ್ಲ ಎಂಬುದು ಅವರ ಆತಂಕ. ಒಬ್ಬರಿಗೆ ದೆವ್ವ ಬೇಡ, ಇನ್ನೊಬ್ಬರಿಗೆ ಯಂತ್ರ ಬೇಡ. ಎರಡನ್ನೂ ತೆಗೆದರೆ ನನ್ನಲ್ಲಿ ಉಳಿಯುವುದು ನೀರಾವರಿ ಇಲಾಖೆಯ ಸುತ್ತೋಲೆ ಮಾತ್ರ.

ಈ ಹಂತದಲ್ಲಿ ನಾನು ಸಾಕಷ್ಟು ಕುಗ್ಗಿದ್ದೆ. ಕನ್ನಡಕ್ಕೆ ವಾಸ್ತವವಲ್ಲದ್ದು ಹೊಸದೇನಲ್ಲವಲ್ಲ ಎಂದು ನನ್ನೊಳಗೇ ವಾದ ಹೂಡುತ್ತಿದ್ದೆ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ತಲೆಗಳು ಅದಲುಬದಲಾಗುತ್ತವೆ, 'ನಾಗಮಂಡಲ'ದಲ್ಲಿ ಹಾವು ಗಂಡನ ರೂಪದಲ್ಲಿ ಬರುತ್ತದೆ. ಅವನ್ನು ಯಾರೂ ಫ್ಯಾಂಟಸಿ ಎಂಬ ಪ್ರತ್ಯೇಕ ಮೂಲೆಗೆ ತಳ್ಳಲಿಲ್ಲ, ಜಾನಪದ, ಪುರಾಣ ಎಂಬ ಮರ್ಯಾದೆಯ ಹೆಸರು ಅವಕ್ಕೆ ಮೊದಲೇ ಸಿದ್ಧವಿತ್ತು. ತೇಜಸ್ವಿಯವರ 'ಚಿದಂಬರ ರಹಸ್ಯ' ಸಾವಿನ ಸುತ್ತಲಿನ ನಿಗೂಢವನ್ನು, ಏಲಕ್ಕಿಯ ವಿಜ್ಞಾನವನ್ನು, ಊರಿನ ರಾಜಕೀಯವನ್ನು ಒಂದೇ ಗಂಟಿನಲ್ಲಿ ಕಟ್ಟಿತು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆಯಿತು. ಅದನ್ನು ಪತ್ತೇದಾರಿ ಕಾದಂಬರಿ ಎಂದು ಬದಿಗಿಡುವ ಧೈರ್ಯ ಯಾರಿಗೂ ಬರಲಿಲ್ಲ. ಲೇಖಕರ ಹೆಸರೇ ಒಂದು ಪ್ರಕಾರವಾಗಿ ನಿಂತಾಗ ಬೇರೆ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ. ಹೊಸಬನಿಗೆ ಆ ಅನುಕೂಲವಿಲ್ಲ, ಅವನ ಪುಸ್ತಕವನ್ನು ತೆರೆಯುವ ಮೊದಲೇ ಅದು ಏನೆಂದು ಗೊತ್ತಾಗಬೇಕು.

ಕಾಯುತ್ತ ಕೂರುವ ಬದಲು ಒಂದು ಅಧ್ಯಾಯವನ್ನು ಬಿಡಿಕಥೆಯಾಗಿ ತಿದ್ದಿ ಪತ್ರಿಕೆಯೊಂದಕ್ಕೆ ಕಳಿಸಿದೆ. ಪತ್ರದಲ್ಲಿ ಪ್ರಕಾರದ ಸುದ್ದಿಯನ್ನೇ ಎತ್ತಲಿಲ್ಲ. ಕಥೆ ಸ್ವೀಕೃತವಾಗಿ ಅಚ್ಚೂ ಆಯಿತು. ಪುಟ ತೆರೆದರೆ ಶೀರ್ಷಿಕೆಯ ಮೇಲೆ ಗಾಜಿನ ಹೆಲ್ಮೆಟ್ ಹಾಕಿಕೊಂಡ ಗಗನಯಾತ್ರಿ, ಹಿನ್ನೆಲೆಯಲ್ಲಿ ಎರಡು ಚಂದ್ರ! ಕಥೆ ನಡೆಯುವುದು ಮುನಿರಾಬಾದಿನ ಕಾಲುವೆ ದಂಡೆಯ ಮೇಲೆ. ಕಲಾವಿದರಿಗೆ ಯಾರೋ 'ಭವಿಷ್ಯದ ಕಥೆ' ಎಂದು ಹೇಳಿರಬೇಕು. ನನ್ನ ಮಾವನವರು ಚಿತ್ರ ನೋಡಿ, "ಇದು ನಮ್ಮಂಥೋರಿಗಲ್ಲ ಬಿಡ್ರಿ" ಎಂದು ಪುಟ ಮಗುಚಿದರು. ಅವರದೇ ತಂದೆಯ ಹೊಲ ಹಿನ್ನೀರಿನಲ್ಲಿ ಹೋಗಿತ್ತು, ಕಥೆಯಲ್ಲಿದ್ದದ್ದು ಅಂಥದೇ ಹೊಲ. ಚಿತ್ರವೂ ಒಂದು ಹಣೆಪಟ್ಟಿಯೇ ಎಂಬುದು ಅಂದು ಮನವರಿಕೆಯಾಗಿ, ಮುಖಪುಟದ ವಿಷಯದಲ್ಲಿ ಮುಂದೆ ನಾನು ಹಟ ಹಿಡಿದದ್ದಕ್ಕೆ ಇದೇ ಕಾರಣವಾಯಿತು.

ಅನಂತರ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿದುಹೋಗುವುದನ್ನು ನಮ್ಮ ಜನ ಸೇತುವೆಗಳ ಮೇಲೆ ನಿಂತು ನೋಡಿದರು. ಎರಡನೇ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂಬ ಚಿಂತೆ ಎಲ್ಲರ ಮನೆಯಲ್ಲೂ ಇತ್ತು. ತಾತ್ಕಾಲಿಕ ಗೇಟ್ ಕೂರಿಸಿ ನೀರು ತಡೆಯುವವರೆಗೆ ರಾಜ್ಯದ ಪತ್ರಿಕೆಗಳ ಮುಖಪುಟದಲ್ಲೆಲ್ಲ ಅಣೆಕಟ್ಟೇ. ಅದಾದ ಕೆಲವು ವಾರಗಳಿಗೆ, ವರ್ಷದ ಹಿಂದೆ ನನ್ನ ಹಸ್ತಪ್ರತಿ ತಿರಸ್ಕರಿಸಿದ್ದವರಲ್ಲೊಬ್ಬರು ತಾವಾಗಿಯೇ ಫೋನು ಮಾಡಿ, "ಸರ್, ನಿಮ್ಮ ಆ ಪರಿಸರ ಕಾದಂಬರಿ ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೇ?" ಎಂದು ಕೇಳಿದರು. ಹಸ್ತಪ್ರತಿಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ನನ್ನ ಊರಿನ ಸಂಕಟದ ಮೇಲೆ ನನ್ನ ಪುಸ್ತಕ ದಡ ಸೇರುತ್ತಿದೆಯೇ ಎಂಬ ಮುಜುಗರ ಕಾಡಿತು, ಆದರೂ ಒಪ್ಪಿದೆ. ಈ ಬಾರಿ ದೆವ್ವವನ್ನಾಗಲಿ ಯಂತ್ರವನ್ನಾಗಲಿ ತೆಗೆಯಿರೆಂದು ಅವರು ಹೇಳಲಿಲ್ಲ. ಪರಿಸರ ಎಂಬ ಪಟ್ಟಿ ಎರಡಕ್ಕೂ ಜಾಗ ಕೊಟ್ಟಿತು.

ಒಪ್ಪಂದದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮುದ್ರಣ ಐನೂರು ಪ್ರತಿ, ಮುಖಬೆಲೆಯ ಮೇಲೆ ಶೇ 10 ಗೌರವಧನ, ನಾನು ನೂರು ಪ್ರತಿಗಳನ್ನು ರಿಯಾಯಿತಿ ದರದಲ್ಲಿ ಕೊಳ್ಳಬೇಕು. ಪುಸ್ತಕದ ಬೆಲೆ 280 ರೂಪಾಯಿ, ನನ್ನ ಕೈಯಿಂದ ಹೋದದ್ದು ಹದಿನೇಳು ಸಾವಿರದಷ್ಟು. ಹೊಸಬರಿಗೆ ಇದು ಅಪರೂಪದ ಷರತ್ತೇನಲ್ಲ, ಆದರೆ ಒಪ್ಪಂದ ಬರವಣಿಗೆಯಲ್ಲಿರಲಿ. ಇ-ಪುಸ್ತಕ, ಆಡಿಯೊ ಮತ್ತು ಅನುವಾದದ ಹಕ್ಕುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ನಾನು ಇನ್ನೊಂದು ಸಾಲು ಸೇರಿಸಲು ಕೇಳಿ ಒಪ್ಪಿಸಿದೆ: ಮುಖಪುಟದ ಮೇಲೆ ಕೃತಿಯನ್ನು ವರ್ಣಿಸುವ ಯಾವುದೇ ಪದ ಲೇಖಕರ ಒಪ್ಪಿಗೆಯಿಲ್ಲದೆ ಬರಕೂಡದು. ಪ್ರಕಾಶಕರು ನಕ್ಕರು, ಆದರೆ ಸಹಿ ಹಾಕಿದರು.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಭಾರತದಲ್ಲಿ ಅದನ್ನು ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಅದಕ್ಕೆ ಶುಲ್ಕವಿಲ್ಲ, ಅರ್ಜಿ ಆನ್‌ಲೈನ್‌ನಲ್ಲೇ ಆಗುತ್ತದೆ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಪಡೆಯಬಹುದು, ಗುರುತಿನ ದಾಖಲೆ ಮತ್ತು ಮುಖಪುಟದ ಪ್ರತಿಯನ್ನು ಸಿದ್ಧವಾಗಿಟ್ಟುಕೊಳ್ಳಿ. ಹಣ ಕೇಳಿ ಕೊಡಿಸುತ್ತೇವೆನ್ನುವವರನ್ನು ನಂಬಬೇಡಿ. ನಮ್ಮದನ್ನು ಪ್ರಕಾಶಕರೇ ಮಾಡಿಸಿದರು. ವಿಷಯ ನಮೂದಿಸುವ ಕಡೆ 'ಕಾದಂಬರಿ' ಎಂದೇ ಬರೆಸಿದೆ.

ಹೆಚ್ಚು ಚರ್ಚೆಯಾದದ್ದು ಮುನ್ನುಡಿ ಯಾರಿಂದ ಎಂಬುದರ ಮೇಲೆ. ಕನ್ನಡದ ಹೊಸ ಪುಸ್ತಕಕ್ಕೆ ಹಿರಿಯರೊಬ್ಬರ ಮುನ್ನುಡಿ ಇರಲೇಬೇಕೆಂಬುದು ಇನ್ನೂ ಗಟ್ಟಿಯಾಗಿರುವ ವಾಡಿಕೆ. ಬರೆಯುವವರು ಯಾರೆಂಬುದರ ಮೇಲೆಯೇ ಪುಸ್ತಕದ ಜಾತಿ ನಿರ್ಧಾರವಾಗುತ್ತದೆ, ಒಳಗೆ ಅವರು ಏನು ಬರೆದರೂ ಅಷ್ಟೆ. ವಿಜ್ಞಾನ ಲೇಖಕರಿಂದ ಬರೆಸಿದರೆ ವಿಜ್ಞಾನ, ಹೋರಾಟಗಾರರಿಂದ ಬರೆಸಿದರೆ ಚಳವಳಿ, ವಿಮರ್ಶಕರಿಂದ ಬರೆಸಿದರೆ ಸಾಹಿತ್ಯ. ಪ್ರಕಾಶಕರು ನಿವೃತ್ತ ನೀರಾವರಿ ಎಂಜಿನಿಯರೊಬ್ಬರ ಹೆಸರು ಸೂಚಿಸಿದರು, ನಾನು ವಿಮರ್ಶಕರೊಬ್ಬರನ್ನು ಕೇಳೋಣವೆಂದೆ. ಕೊನೆಗೆ ಮುನ್ನುಡಿ ವಿಮರ್ಶಕರದ್ದು, ಬೆನ್ನುಡಿ ಎಂಜಿನಿಯರರದ್ದು ಎಂದು ರಾಜಿಯಾಯಿತು. ವಿಮರ್ಶಕರು ಬರೆದುಕೊಡಲು ತೆಗೆದುಕೊಂಡ ಕಾಲದಲ್ಲಿ ಪುಸ್ತಕದ ಕರಡು ತಿದ್ದಿ, ಪುಟ ಕಟ್ಟಿ, ಮುಖಪುಟವೂ ಸಿದ್ಧವಾಗಿತ್ತು. ಮುನ್ನುಡಿಗಾಗಿ ಅಚ್ಚು ನಿಲ್ಲುವುದು ಸಾಮಾನ್ಯ, ಆದ್ದರಿಂದ ಕೇಳುವುದನ್ನು ಮೊದಲೇ ಕೇಳಿಬಿಡಿ. ಮುಖಪುಟಕ್ಕೆ ಬಿರುಕುಬಿಟ್ಟ ಕೆಸರಿನ ನಡುವೆ ಅರ್ಧ ಹೂತ ಬಾಗಿಲ ಚೌಕಟ್ಟಿನ ಚಿತ್ರ ಬಂತು. ಚಂದ್ರ ಒಂದೂ ಇಲ್ಲ.

ಯಾರೂ ಗಮನ ಕೊಡದ ಒಂದು ಜಾಗವೆಂದರೆ ಕೃತಿವಿವರದ ಪುಟ. ಪ್ರತಿಗಳು, ಪುಟಗಳು, ಬಳಸಿದ ಕಾಗದ ಇತ್ಯಾದಿ ಅಚ್ಚು ಹಾಕುವ ಆ ಪುಟದ ಮೇಲ್ಭಾಗದಲ್ಲಿ ಇಂಗ್ಲಿಷಿನಲ್ಲೂ ಒಂದು ಸಾಲು ಇರುತ್ತದೆ. ಪುಸ್ತಕದ ಹೆಸರು, ಅದು ಏನು, ಬರೆದವರು ಯಾರು ಎಂಬ ಸಾಲು. ಪುಟ ವಿನ್ಯಾಸ ಮಾಡಿದವರ ಕೈಯಲ್ಲಿ ನಮ್ಮ ಪುಸ್ತಕದ ಆ ಸಾಲಿನಿಂದ 'ನಾವೆಲ್' ಎಂಬ ಪದ ಬಿದ್ದುಹೋಯಿತು. ಒಂದು ಕಾಲೇಜಿನ ಗ್ರಂಥಾಲಯಕ್ಕೆ ಪ್ರತಿ ಕೊಟ್ಟು, ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಕಾದಂಬರಿಗಳ ಸಾಲಿನಲ್ಲಿ ಪುಸ್ತಕವಿಲ್ಲ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಕಾದಂಬರಿ ನಿಲ್ಲಬೇಕಾದದ್ದು 894.8143ರಲ್ಲಿ. 'ಹೂಳಿನ ಲೆಕ್ಕ'ದ ಬೆನ್ನ ಮೇಲೆ 627.8 ಎಂಬ ಚೀಟಿ ಅಂಟಿತ್ತು. ಅದು ಅಣೆಕಟ್ಟು ಮತ್ತು ಜಲಾಶಯಗಳ ಎಂಜಿನಿಯರಿಂಗ್ ಪುಸ್ತಕಗಳ ಸಂಖ್ಯೆ. ಬೆನ್ನುಡಿ ಎಂಜಿನಿಯರರದ್ದು, ಹೆಸರಿನಲ್ಲಿ ಲೆಕ್ಕವಿದೆ, ಗ್ರಂಥಪಾಲಕರನ್ನು ದೂರುವಂತಿಲ್ಲ. ಅವರು ಅಲ್ಲೇ ಚೀಟಿ ಕಿತ್ತು ಬದಲಿಸಿಕೊಟ್ಟರು. ಉಳಿದ ಪ್ರತಿಗಳಲ್ಲಿ ಆ ಪದವನ್ನು ರಬ್ಬರ್ ಸ್ಟ್ಯಾಂಪಿನಲ್ಲಿ ಒತ್ತಿದೆವು.

ಗ್ರಂಥಾಲಯದ ಮಾತು ಬಂದದ್ದರಿಂದ ಹೇಳುತ್ತೇನೆ, ಕನ್ನಡ ಪ್ರಕಾಶಕರು ಹಣೆಪಟ್ಟಿಗೆ ಇಷ್ಟೊಂದು ಹೆದರುವುದರ ಮೂಲ ಅಲ್ಲಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಸಣ್ಣ ಪ್ರಕಾಶಕರಿಗೆ ಉಸಿರು. ಆಯ್ಕೆ ಸಮಿತಿಯ ಮುಂದೆ ರಾಶಿ ಪುಸ್ತಕ ಇರುತ್ತದೆ, ಬೆಲೆಯನ್ನು ಪುಟದ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ, ಹಣ ಕೈಸೇರುವುದು ನಿಧಾನ. ವಿವರಣೆ ಬೇಡುವ ಪುಸ್ತಕಕ್ಕಿಂತ ಹೆಸರು ನೋಡಿದೊಡನೆ ತಿಳಿಯುವ ಪುಸ್ತಕವೇ ಅಲ್ಲಿ ಕ್ಷೇಮವೆಂಬುದು ಪ್ರಕಾಶಕರ ಅನುಭವ. ಇಷ್ಟು ತಿಳಿದ ಮೇಲೆ 'ಮಕ್ಕಳಿಗಾ?' ಎಂದು ಕೇಳಿದವರ ಮೇಲಿದ್ದ ನನ್ನ ಸಿಟ್ಟು ಬಹುಮಟ್ಟಿಗೆ ಇಳಿಯಿತು. ಪಟ್ಟಿ ಪುಸ್ತಕದ ಗುಣವನ್ನು ಹೇಳುವುದೇ ಇಲ್ಲ, ಯಾರು ಕೊಳ್ಳುತ್ತಾರೆ ಎಂಬುದನ್ನಷ್ಟೇ ಹೇಳುತ್ತದೆ. ಆದ್ದರಿಂದ ಕೊಳ್ಳುವವರು ಬದಲಾದಂತೆ ಪಟ್ಟಿಯನ್ನು ಬದಲಿಸುವುದರಲ್ಲಿ ಅಪ್ರಾಮಾಣಿಕತೆ ಏನೂ ಇಲ್ಲವೆಂದು ಈಗ ನನಗನಿಸುತ್ತದೆ.

ನಾವು ಮಾಡಿದ್ದೂ ಅದನ್ನೇ. ಗ್ರಂಥಾಲಯದ ಅರ್ಜಿಯಲ್ಲಿ 'ಕಾದಂಬರಿ'. ಹೊಸಪೇಟೆ, ಕೊಪ್ಪಳ, ಗಂಗಾವತಿಯ ಅಂಗಡಿಗಳಲ್ಲಿ 'ತುಂಗಭದ್ರೆಯ ಮುಳುಗಡೆ ಕಥೆ' ಎಂಬ ಸಣ್ಣ ಭಿತ್ತಿಪತ್ರ. ಆನ್‌ಲೈನ್ ಮಾರಾಟದ ಪುಟದಲ್ಲಿ ಮಾತ್ರ ಧಾರಾಳವಾಗಿ ಸೈ-ಫೈ, ಫ್ಯಾಂಟಸಿ, ಕ್ಲೈಮೇಟ್ ಫಿಕ್ಷನ್ ಎಲ್ಲವನ್ನೂ ಹಾಕಿದೆವು, ಏಕೆಂದರೆ ಅಲ್ಲಿ ಓದುಗರು ಹುಡುಕುವುದೇ ಆ ಪದಗಳಿಂದ. ಬೆಂಗಳೂರಿನಿಂದಲೂ ಹೊರದೇಶದಿಂದಲೂ ಬೇಡಿಕೆ ಕಳಿಸಿದ ಯುವಕರಲ್ಲಿ ಹೆಚ್ಚಿನವರು 'ಕನ್ನಡದಲ್ಲಿ ಸೈ-ಫೈ' ಎಂದು ಹುಡುಕಿ ಬಂದವರು. ನಾನು ಮುಖಪುಟದಿಂದ ಹಟ ಮಾಡಿ ದೂರವಿಟ್ಟ ಪದವೇ ಅವರನ್ನು ಕರೆತಂದಿತ್ತು. ಇದಕ್ಕೆ ತದ್ವಿರುದ್ಧವಾಗಿ ನಮ್ಮ ಊರಿನ ಅಂಗಡಿಯಲ್ಲಿ ಪುಸ್ತಕ ಕೊಂಡವರಲ್ಲಿ ಹಲವರು ಅರವತ್ತು ದಾಟಿದವರು. ಮುಳುಗಿದ ತಮ್ಮ ಊರಿನ ಹೆಸರು ಒಳಗಿದೆಯೇ ಎಂದು ಕೇಳಿ ಕೊಂಡರಂತೆ.

ಪ್ರಶಸ್ತಿಗೆ ಕಳಿಸುವವರಿಗೆ ಒಂದು ಮಾತು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದಲ್ಲಿ ಕಾದಂಬರಿ, ವಿಜ್ಞಾನ ಸಾಹಿತ್ಯ, ಮಕ್ಕಳ ಸಾಹಿತ್ಯ, ಸಂಕೀರ್ಣ ಹೀಗೆ ಪ್ರಕಾರಗಳಿವೆ, ಲೇಖಕರ ಮೊದಲ ಕೃತಿಗೂ ಪ್ರತ್ಯೇಕ ಅವಕಾಶವಿದೆ. ವಿಜ್ಞಾನ ಸಾಹಿತ್ಯದಲ್ಲಿ ಪೈಪೋಟಿ ಕಡಿಮೆ ಇರಬಹುದೆಂದು ಆಸೆಪಟ್ಟು ಅಲ್ಲಿ ಕಳಿಸಬೇಡಿ. ಅಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲುವುದು ಆರೋಗ್ಯ, ಖಗೋಳ, ಕೃಷಿಯನ್ನು ಕುರಿತ ಮಾಹಿತಿಪೂರ್ಣ ಗ್ರಂಥಗಳು, ಪೆನ್ಸಿಲಿನ 'ಆಧಾರ?' ಅಲ್ಲಿಯೂ ಕಾದಿರುತ್ತದೆ. ನಾನು ಕಾದಂಬರಿ ವಿಭಾಗಕ್ಕೇ ಕಳಿಸುವವನಿದ್ದೇನೆ. ಪ್ರಕಟಣೆ ಹೊರಬಿದ್ದಾಗ ಅದರಲ್ಲಿ ಕೇಳಿದಷ್ಟು ಪ್ರತಿಗಳನ್ನು, ಪ್ರಥಮ ಮುದ್ರಣದ ವರ್ಷ ಸ್ಪಷ್ಟವಾಗಿ ಕಾಣುವಂತೆ ಕಳಿಸಬೇಕು.

1954ರ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತ ಇತರ ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ. ಸ್ವಂತವಾಗಿ ಪ್ರಕಟಿಸಿದರೆ ಅದು ನಿಮ್ಮದೇ ಹೊಣೆ. ನಮ್ಮ ಪ್ರತಿಗಳು ಹೋದ ವಾರ ಅಂಚೆಗೆ ಬಿದ್ದಿವೆ, ಸ್ಟ್ಯಾಂಪು ಒತ್ತಿದವನ್ನೇ ಕಳಿಸಿದ್ದೇವೆ. ಇಲಾಖೆಯ ಖರೀದಿಗೆ ಹಾಕಿದ ಅರ್ಜಿಗೆ ಇನ್ನೂ ಉತ್ತರವಿಲ್ಲ. ಅದು ಬರುವವರೆಗೆ ಎರಡನೇ ಮುದ್ರಣದ ಮಾತೆತ್ತುವುದು ಬೇಡವೆಂದು ಪ್ರಕಾಶಕರು ಹೇಳಿದ್ದಾರೆ. ನನ್ನ ಪಾಲಿನ ನೂರು ಪ್ರತಿಗಳಲ್ಲಿ ಅರ್ಧದಷ್ಟು ಖರ್ಚಾಗಿವೆ.